ಗರ್ಭಿಣಿಯ ಗಾಳಿ, ಗರ್ಭಿಣಿಯ ಊಟ: ಕಾನೂನು ತೆರೆದಿಟ್ಟ ಬಾಗಿಲುಗಳು

ಹುಟ್ಟಿದಾಗ ಎರಡೂವರೆ ಕಿಲೋಗಿಂತ ಕಡಿಮೆ ತೂಗುವ ಶಿಶುವನ್ನು ಕಡಿಮೆ ತೂಕದ ಮಗು ಎಂದೂ, 37 ವಾರ ತುಂಬುವ ಮೊದಲೇ ಆದ ಹೆರಿಗೆಯನ್ನು ಅವಧಿಪೂರ್ವ ಹೆರಿಗೆ ಎಂದೂ ವೈದ್ಯರು ಗುರುತಿಸುತ್ತಾರೆ. ತಾಯಿಯ ರಕ್ತಹೀನತೆ, ಅರೆಹೊಟ್ಟೆ, ದಿನ ತುಂಬುವವರೆಗೂ ಬಿಡದ ಕೂಲಿ, ಮನೆಯೊಳಗಿನ ಹೊಡೆತ ಬಡಿತ ಇವೆರಡಕ್ಕೂ ದಾರಿ ಮಾಡುತ್ತವೆ. ಸೌದೆ ಒಲೆಯ ಹೊಗೆ, ಜಲ್ಲಿ ಕ್ರಷರಿನ ದೂಳು, ಹೆದ್ದಾರಿಯ ಹೊಗೆಯೂ ಅದೇ ಕೆಲಸ ಮಾಡುತ್ತವೆ. ಗಾಳಿಯಲ್ಲಿನ ಅತಿ ಸೂಕ್ಷ್ಮ ಕಣಗಳು ಶ್ವಾಸಕೋಶ ದಾಟಿ ರಕ್ತ ಸೇರುತ್ತವೆ. ಮಾಸುವಿನಲ್ಲಿ ಮಗುವಿನ ಕಡೆಯ ಭಾಗಕ್ಕೂ ಮಸಿಯ ಕಣಗಳು ತಲುಪಿರುವುದನ್ನು ಬೆಲ್ಜಿಯಂನ ಹ್ಯಾಸೆಲ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ತೋರಿಸಿದರು. ಇಟ್ಟಿಗೆ ಗೂಡಿನ ಪಕ್ಕದ ಗುಡಿಸಲಿನಲ್ಲಿರುವ ಗರ್ಭಿಣಿಗೆ ಹಸಿವು, ಹೊಗೆ ಎರಡೂ ಒಟ್ಟಿಗೇ ಬರುತ್ತವೆ. ಕಾನೂನಿನಲ್ಲಿ ಮಾತ್ರ ಅವು ಬೇರೆ ಬೇರೆ ಇಲಾಖೆಯ ಕಡತಗಳು. ಹೀಗಾಗಿ ಅರ್ಜಿಯೂ ಎರಡು ಕಡೆ ಹೋಗಬೇಕಾಗುತ್ತದೆ.

ಶುದ್ಧ ಗಾಳಿ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 1991ರ ಸುಭಾಷ್ ಕುಮಾರ್ ಪ್ರಕರಣದಲ್ಲೇ ಹೇಳಿದೆ. ಹಾಗಿದ್ದರೂ ಇಂಥ ಮಗುವಿನ ತೂಕ ಇಂಥದ್ದೇ ಚಿಮಣಿಯಿಂದ ಕುಸಿಯಿತು ಎಂದು ಸಾಬೀತು ಮಾಡುವುದು ಬಹಳ ಕಷ್ಟ. ಆದರೆ ಹೊಗೆ ನಿಲ್ಲಿಸಿ ಎಂದು ಕೇಳಲು ಆ ಸಾಕ್ಷ್ಯವೇ ಬೇಕಿಲ್ಲ. ಘಟಕ ಅನುಮತಿಯ ಷರತ್ತು ಮುರಿದಿದೆ ಎಂದು ತೋರಿಸಿದರೆ ಸಾಕು. ಹೆರಿಗೆಯ ನಂತರದ ಪರಿಹಾರಕ್ಕಿಂತ ಹೆರಿಗೆಗೆ ಮುಂಚಿನ ತಡೆಯೇ ಪ್ರಯೋಜನಕಾರಿ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಮೊದಲ ದೂರು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ. ‘ಹೊಗೆಯಿಂದ ತೊಂದರೆಯಾಗುತ್ತಿದೆ’ ಎಂದಷ್ಟೇ ಬರೆದ ಅರ್ಜಿ ಕಡತದಲ್ಲೇ ಉಳಿಯುತ್ತದೆ. ಘಟಕದ ಹೆಸರು, ಸರ್ವೆ ನಂಬರ್, ದೂಳು ಏಳುವ ದಿನ ಮತ್ತು ಹೊತ್ತು, ಹತ್ತಿರದ ಅಂಗನವಾಡಿಗೋ ಮನೆಗಳಿಗೋ ಇರುವ ದೂರ, ದಿನಾಂಕ ಸಹಿತ ಫೋಟೊ ಇವಿಷ್ಟೂ ಅದರಲ್ಲಿರಬೇಕು. ನಕಲಿನ ಮೇಲೆ ಸ್ವೀಕೃತಿಯ ಮುದ್ರೆ ಬೀಳಬೇಕು. ಘಟಕಕ್ಕೆ ಕೊಟ್ಟ ಅನುಮತಿ ಪತ್ರ ಮತ್ತು ತಪಾಸಣಾ ವರದಿಯ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಕೇಳಬಹುದು. ಉತ್ತರಕ್ಕೆ ಗಡುವು 30 ದಿನ. ಮಂಡಳಿ ಸುಮ್ಮನಿದ್ದರೆ 1981ರ ವಾಯು ಮಾಲಿನ್ಯ ಕಾಯ್ದೆಯ 43ನೇ ಕಲಂನಂತೆ 60 ದಿನಗಳ ನೋಟಿಸ್ ಕೊಟ್ಟು ಯಾವ ನಾಗರಿಕರೇ ಆಗಲಿ ನೇರವಾಗಿ ನ್ಯಾಯಾಲಯಕ್ಕೆ ದೂರು ಕೊಡಬಹುದು. ಏಳು ತಿಂಗಳ ಗರ್ಭಿಣಿಗೆ 60 ದಿನವೆಂದರೆ ಹೆರಿಗೆಯೇ ಆಗಿಹೋಗುವಷ್ಟು ಕಾಲ. ಅಷ್ಟು ಕಾಯಲಾಗದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಇದೆ. ಸಾರ್ವಜನಿಕ ಆರೋಗ್ಯಕ್ಕೆ ಕೆಡುಕಾಗುವ ಉಪದ್ರವವನ್ನು ತೆಗೆಯುವಂತೆ ಉಪವಿಭಾಗಾಧಿಕಾರಿ ಷರತ್ತುಬದ್ಧ ಆದೇಶ ಹೊರಡಿಸಲು ಅದರಲ್ಲಿ ಅವಕಾಶವಿದೆ.

ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೂ ಹೋಗಬಹುದು; ಅದರ ಚೆನ್ನೈ ಪೀಠ ಕರ್ನಾಟಕದ ಪ್ರಕರಣಗಳನ್ನು ಕೇಳುತ್ತದೆ. ಪರಿಸರ ವಿವಾದಕ್ಕೆ ಆರು ತಿಂಗಳೊಳಗೆ, ಪರಿಹಾರಕ್ಕೆ ಐದು ವರ್ಷದೊಳಗೆ ಅರ್ಜಿ ಹಾಕಬೇಕು. ಪರಿಹಾರ ಕೇಳುವವರ ಕೈಯಲ್ಲಿ ದಾಖಲೆಗಳಿರಬೇಕು: ತಾಯಿ ಕಾರ್ಡಿನಲ್ಲಿ ತಿಂಗಳು ತಿಂಗಳು ದಾಖಲಾದ ತೂಕ ಮತ್ತು ಹಿಮೋಗ್ಲೋಬಿನ್, ಸ್ಕ್ಯಾನಿಂಗ್ ವರದಿ, ಜನನ ತೂಕ ಬರೆದ ಬಿಡುಗಡೆ ಚೀಟಿ.

ಇನ್ನೊಂದು ಕಡತ ಊಟ ಮತ್ತು ಹಣದ್ದು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 4ನೇ ಕಲಂನಂತೆ ಗರ್ಭಿಣಿಗೂ, ಹೆರಿಗೆಯಾಗಿ ಆರು ತಿಂಗಳವರೆಗೆ ಬಾಣಂತಿಗೂ ಅಂಗನವಾಡಿಯಲ್ಲಿ ಉಚಿತ ಊಟ ಸಿಗಬೇಕು. ಕರ್ನಾಟಕದಲ್ಲಿ ಇದು 2017ರಿಂದ ಮಾತೃಪೂರ್ಣ ಯೋಜನೆಯಾಗಿ ನಡೆದಿದೆ. ವಲಸೆ ಬಂದವಳು ಎಂದು ಹೆಸರು ಬರೆದುಕೊಳ್ಳದಿರುವುದು ತಪ್ಪು. ಅಂಗನವಾಡಿ ಸೇವೆ ಎಲ್ಲರಿಗೂ ಸಿಗಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಆದೇಶಿಸಿದೆ. ಊಟ ಕೊಡದಿದ್ದರೆ ಆಹಾರ ಭದ್ರತಾ ಭತ್ಯೆ ಕೊಡಬೇಕಾಗುತ್ತದೆ. ದೂರು ಜಿಲ್ಲಾ ಕುಂದುಕೊರತೆ ಪರಿಹಾರ ಅಧಿಕಾರಿಗೆ, ಮೇಲ್ಮನವಿ ರಾಜ್ಯ ಆಹಾರ ಆಯೋಗಕ್ಕೆ. ಅದೇ ಕಾಯ್ದೆ ಕನಿಷ್ಠ 6,000 ರೂಪಾಯಿ ಹೆರಿಗೆ ನೆರವು ಎನ್ನುತ್ತದೆ. ಆದರೆ ಪ್ರಧಾನಮಂತ್ರಿ ಮಾತೃವಂದನಾ ಯೋಜನೆ ಮೊದಲ ಮಗುವಿಗೆ ಕೊಡುವುದು 5,000, ಎರಡು ಕಂತಿನಲ್ಲಿ. ಉಳಿದದ್ದು ಜನನಿ ಸುರಕ್ಷಾ ಯೋಜನೆಯಿಂದ ಸೇರುತ್ತದೆಂಬುದು ಸರ್ಕಾರದ ಲೆಕ್ಕ. ಎರಡನೆಯದು ಹೆಣ್ಣು ಮಗುವಾದರೆ ಒಂದೇ ಕಂತಿನಲ್ಲಿ 6,000. ಹಣ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೇ ಬರುವುದರಿಂದ, ಜೋಡಣೆ ಆಗಿದೆಯೇ ಎಂದು ಅರ್ಜಿಗೆ ಮೊದಲೇ ನೋಡಿಕೊಳ್ಳುವುದು ಒಳಿತು.

ಸಂಬಳದ ಕೆಲಸದಲ್ಲಿದ್ದು, ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದವಳಿಗೆ ಮೊದಲ ಎರಡು ಮಕ್ಕಳಿಗೆ 26 ವಾರ ವೇತನ ಸಹಿತ ರಜೆ ಇದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಈ ನಿಯಮ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಭಾರ ಹೊರುವ, ಬಹುಹೊತ್ತು ನಿಲ್ಲುವ ಕೆಲಸ ಬೇಡವೆಂದು ಹೆರಿಗೆಗೆ ಮುಂಚಿನ ವಾರಗಳಲ್ಲಿ ಕೇಳುವ ಹಕ್ಕೂ ಅದರಲ್ಲಿದೆ. ಮನೆಯಲ್ಲಿ ಹಿಂಸೆಯಿದ್ದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರಿಂದ ರಕ್ಷಣೆ, ವಾಸದ ಹಕ್ಕು, ಖರ್ಚಿನ ಹಣ ಪಡೆಯಬಹುದು.

ಇಷ್ಟಕ್ಕೂ ವಕೀಲರ ಶುಲ್ಕ ಅಡ್ಡಿಯಾಗಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂನಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು.