ದೂರದರ್ಶನದ ಮೂರು ದಾರಿಗಳು

ದೂರದಲ್ಲಿ ನಡೆಯುವುದನ್ನು ಕುಳಿತಲ್ಲಿಯೇ ಕಾಣುವುದಕ್ಕೆ ದೂರದರ್ಶನವೆಂದು ಹೆಸರು. ಚಿತ್ರವು ದೂರದಿಂದ ನಮ್ಮ ಮನೆಗೆ ಬರುವ ದಾರಿ ಮಾತ್ರ ಎಂದೂ ಒಂದೇ ಆಗಿ ಉಳಿದಿಲ್ಲ. ಮೊದಲು ಅದು ಆಕಾಶದ ತರಂಗಗಳ ಮೂಲಕ ಬಂದಿತು. ಬಳಿಕ ಕೇಬಲ್ ತಂತಿಯ ಮೂಲಕ ಬಂದಿತು. ಈಗ ಅಂತರ್ಜಾಲದ ಮೂಲಕ ಬರುತ್ತಿದೆ. ದಾರಿ ಬದಲಾದಾಗ ಚಿತ್ರವನ್ನು ಆರಿಸುವ ಅಧಿಕಾರವೂ ಕೈ ಬದಲಾಗುತ್ತದೆ. ಗುಜರಾತಿನಲ್ಲಿ ಬೆಳೆಯುತ್ತಿರುವ ಕನ್ನಡ ವಿದ್ಯಾರ್ಥಿಗಳಿಗೆ ಈ ವಿಷಯವು ಎರಡು ಕಾರಣಗಳಿಂದ ತಿಳಿದಿರಬೇಕು. ಇದರಲ್ಲಿ ಕಲಿಯತಕ್ಕ ವಿಜ್ಞಾನವುಂಟು. ಅದರ ಜೊತೆಗೆ ನಮ್ಮ ಮನೆಮಾತಿನ ಪ್ರಶ್ನೆಯೂ ಉಂಟು.

ಆಕಾಶದ ದಾರಿ

ನಮ್ಮ ದೇಶದಲ್ಲಿ ದೂರದರ್ಶನವು 1959ನೆಯ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಯೋಗರೂಪವಾಗಿ ಆರಂಭವಾಯಿತು. ಗೋಪುರದಿಂದ ಹೊರಟ ತರಂಗಗಳು ನಗರದ ಸುತ್ತಮುತ್ತ ಮಾತ್ರ ಮುಟ್ಟುತ್ತಿದ್ದುವು. ದೂರದ ಹಳ್ಳಿಗಳಿಗೆ ಚಿತ್ರವನ್ನು ಒಯ್ಯುವುದು ಹೇಗೆ? ಉಪಗ್ರಹದಿಂದ ಇದು ಸಾಧ್ಯವೆಂದು ಮನಗಂಡು ಅದಕ್ಕಾಗಿ ಶ್ರಮಿಸಿದವರು ಅಹಮದಾಬಾದಿನವರೇ ಆದ ಡಾ. ವಿಕ್ರಮ ಸಾರಾಭಾಯಿಯವರು. ಅವರು 1971ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಎಣಿಕೆಯು ಅವರ ಕಾಲಾನಂತರ ಕೈಗೂಡಿತು.

1975ನೆಯ ಆಗಸ್ಟ್ 1ರಿಂದ 1976ನೆಯ ಜುಲೈ 31ರವರೆಗೆ ‘ಸೈಟ್’ ಎಂಬ ಹೆಸರಿನ ಉಪಗ್ರಹ ಶಿಕ್ಷಣ ಪ್ರಯೋಗವು ನಡೆಯಿತು. ಅಮೆರಿಕದ ಎಟಿಎಸ್-6 ಎಂಬ ಉಪಗ್ರಹವನ್ನು ಇದಕ್ಕೆ ಬಳಸಲಾಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ದೂರದರ್ಶನ ಯಂತ್ರಗಳನ್ನು ಇರಿಸಿದರು. ಕರ್ನಾಟಕದ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದುವು. ಮುಂಜಾನೆ ಮಕ್ಕಳಿಗೆ ಪಾಠ. ಸಂಜೆ ಹಿರಿಯರಿಗೆ ಬೇಸಾಯ, ಆರೋಗ್ಯ ಮೊದಲಾದ ವಿಷಯಗಳು. ಈ ಕಾರ್ಯಕ್ರಮಗಳನ್ನು ಉಪಗ್ರಹಕ್ಕೆ ಏರಿಸುತ್ತಿದ್ದ ಮುಖ್ಯ ಭೂಕೇಂದ್ರವು ಅಹಮದಾಬಾದಿನಲ್ಲಿತ್ತು. ಅಂದರೆ ಅರ್ಧ ಶತಮಾನದ ಹಿಂದೆಯೇ ಕನ್ನಡದ ಮಾತು ಅಹಮದಾಬಾದಿನಿಂದ ಮುಗಿಲಿಗೇರಿ ರಾಯಚೂರಿನ ಹಳ್ಳಿಗೆ ಇಳಿಯುತ್ತಿತ್ತು!

ಆ ಉಪಗ್ರಹದ ಏರ್ಪಾಡಿನಲ್ಲಿ ಒಂದು ಚಿತ್ರಕ್ಕೆ ಎರಡು ಧ್ವನಿಮಾರ್ಗಗಳಿದ್ದುವು. ಒಂದೇ ಚಿತ್ರವನ್ನು ತೋರಿಸುತ್ತ ಎರಡು ಭಾಷೆಗಳಲ್ಲಿ ಮಾತು ಕೇಳಿಸಲು ಇದರಿಂದ ಅನುಕೂಲವಾಯಿತು. ಈ ಅಂಶವನ್ನು ನೆನಪಿನಲ್ಲಿಡಿರಿ. ಮುಂದೆ ಇದರ ಪ್ರಯೋಜನವುಂಟು.

ತಂತಿಯ ದಾರಿ

1991ರ ಕೊಲ್ಲಿ ಯುದ್ಧದ ಸಮಯದಲ್ಲಿ ವಿದೇಶದ ಸುದ್ದಿವಾಹಿನಿಯನ್ನು ನೋಡುವ ಕುತೂಹಲವು ನಮ್ಮ ನಗರಗಳಲ್ಲಿ ಹುಟ್ಟಿತು. ಅದೇ ವರ್ಷ ಸ್ಟಾರ್ ವಾಹಿನಿಗಳೂ, 1992ರಲ್ಲಿ ಝೀ ವಾಹಿನಿಯೂ ಬಂದುವು. ಕನ್ನಡದಲ್ಲಿ 1994ರಲ್ಲಿ ಉದಯ ಟಿವಿ ಆರಂಭವಾಯಿತು. ಉಪಗ್ರಹದಿಂದ ಇಳಿಯುವ ಈ ವಾಹಿನಿಗಳನ್ನು ಹಿಡಿಯಲು ದೊಡ್ಡ ತಟ್ಟೆ ಬೇಕು. ಪ್ರತಿಯೊಂದು ಮನೆಯವರಿಗೂ ಅದು ಎಟುಕುವಂತಹುದಲ್ಲ. ಆದುದರಿಂದ ಬಡಾವಣೆಗೊಬ್ಬ ಕೇಬಲ್‌ವಾಲಾ ಹುಟ್ಟಿಕೊಂಡನು. ಅವನು ತನ್ನ ಮಾಳಿಗೆಯ ಮೇಲೆ ತಟ್ಟೆಯನ್ನಿಟ್ಟು, ಅಲ್ಲಿಂದ ಮನೆಮನೆಗೆ ತಂತಿಯನ್ನೆಳೆದು, ತಿಂಗಳಿಗಿಷ್ಟು ಎಂದು ಹಣ ಪಡೆಯುತ್ತಿದ್ದನು. ಅಹಮದಾಬಾದಿನ ಪೋಳಗಳಲ್ಲಿ ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಹಾಯ್ದ ತಂತಿಗಳನ್ನೂ, ಉತ್ತರಾಯಣದ ದಿನ ಅವುಗಳಲ್ಲಿ ಸಿಕ್ಕಿ ತೂಗುವ ಗಾಳಿಪಟಗಳನ್ನೂ ನಿಮ್ಮಲ್ಲಿ ಅನೇಕರು ನೋಡಿರಬಹುದು. ಈ ಉದ್ಯಮಕ್ಕೆ ನಿಯಮಗಳನ್ನು ವಿಧಿಸುವ ಕಾನೂನು 1995ರಲ್ಲಿ ಬಂದಿತು.

ಹಳೆಯ ಕೇಬಲ್ ತಂತಿಯು ಕೆಲವು ಹತ್ತು ವಾಹಿನಿಗಳನ್ನು ಮಾತ್ರ ಹೊರಬಲ್ಲುದಾಗಿತ್ತು. ಸ್ಥಳವು ಕಡಿಮೆಯಾದಾಗ ಹೆಚ್ಚು ಜನ ಕೇಳುವ ಭಾಷೆಗೆ ಮೊದಲ ಮಣೆ ದೊರೆಯುವುದು ಸಹಜ. ಒಂದು ಸೊಸೈಟಿಯಲ್ಲಿ ನೂರು ಮನೆಗಳಿದ್ದು, ಕನ್ನಡದ ಮನೆ ಎರಡೇ ಇದ್ದರೆ, ಕನ್ನಡ ವಾಹಿನಿಯನ್ನು ಕೊಡುವುದರಿಂದ ಕೇಬಲ್‌ವಾಲಾನಿಗೆ ಏನು ಲಾಭ? ಇದರಲ್ಲಿ ಕನ್ನಡದ ಮೇಲೆ ದ್ವೇಷವೇನೂ ಇರಲಿಲ್ಲ; ಎಣಿಕೆಯ ನ್ಯಾಯವಷ್ಟೇ ಇತ್ತು.

2013ರಲ್ಲಿ ಕೇಬಲಿನ ಡಿಜಿಟಲೀಕರಣದ ಎರಡನೆಯ ಹಂತವು 38 ನಗರಗಳಲ್ಲಿ ಜಾರಿಗೆ ಬಂದಿತು. ಅಹಮದಾಬಾದ್, ವಡೋದರಾ, ಸೂರತ್‌ಗಳೂ, ಕರ್ನಾಟಕದ ಬೆಂಗಳೂರು, ಮೈಸೂರುಗಳೂ ಆ ಪಟ್ಟಿಯಲ್ಲಿದ್ದುವು. ಆಗ ಮನೆಮನೆಗೂ ಸೆಟ್‌ಟಾಪ್ ಬಾಕ್ಸ್ ಬಂದಿತು; ತಂತಿಯ ಸಾಮರ್ಥ್ಯವು ಹಲವು ಮಡಿ ಹೆಚ್ಚಿತು. ಚಿಕ್ಕ ತಟ್ಟೆಯಿಂದ ನೇರವಾಗಿ ಚಿತ್ರ ಪಡೆಯುವ ಡಿಟಿಎಚ್ ಏರ್ಪಾಡೂ ಅಷ್ಟರಲ್ಲಿ ಹರಡಿತ್ತು. ಹೀಗೆ ಕನ್ನಡ ವಾಹಿನಿಗಳು ಪರನಾಡಿನ ಮನೆಗಳಿಗೆ ಸುಲಭವಾಗಿ ಬರತೊಡಗಿದುವು.

ಅಂತರ್ಜಾಲದ ದಾರಿ

ಈ ಮೂರನೆಯ ದಾರಿಯು ಹಿಂದಿನ ಎರಡಕ್ಕಿಂತ ಹೇಗೆ ಭಿನ್ನವೆಂಬುದನ್ನು ಈಗ ನೋಡೋಣ. ಕೇಬಲಿನಲ್ಲಿ ಒಂದೇ ಚಿತ್ರವು ಒಂದೇ ಹೊತ್ತಿಗೆ ಎಲ್ಲರಿಗೂ ಹರಿಯುತ್ತದೆ. ಅದು ಕಾಲುವೆಯ ನೀರಿದ್ದಂತೆ. ನೀವು ಇದ್ದರೂ ಹರಿಯುವುದು, ಇಲ್ಲದಿದ್ದರೂ ಹರಿಯುವುದು. ಅಂತರ್ಜಾಲದ ಏರ್ಪಾಡಾದರೋ ಬಾವಿಯಿದ್ದಂತೆ. ಸೇದಿದವರಿಗೆ ಮಾತ್ರ ನೀರು ಬರುತ್ತದೆ.

ಚಲನಚಿತ್ರವನ್ನು ಅಂಕಿಗಳ ರೂಪಕ್ಕೆ ತಂದು ದೊಡ್ಡ ಗಣಕಯಂತ್ರಗಳಲ್ಲಿ ಕೂಡಿಟ್ಟಿರುತ್ತಾರೆ. ಅದನ್ನು ಕೆಲವೇ ಸೆಕೆಂಡುಗಳಷ್ಟು ಉದ್ದದ ತುಣುಕುಗಳಾಗಿ ವಿಭಾಗಿಸಿ, ಪ್ರತಿಯೊಂದು ತುಣುಕನ್ನೂ ಮಂದ, ಸಾಧಾರಣ, ಉತ್ತಮ ಎಂಬ ಹಲವು ದರ್ಜೆಗಳಲ್ಲಿ ಸಿದ್ಧಪಡಿಸುತ್ತಾರೆ. ನೀವು ಗುಂಡಿಯನ್ನೊತ್ತಿದಾಗ ನಿಮ್ಮ ಯಂತ್ರವು ಒಂದೊಂದೇ ತುಣುಕನ್ನು ಕೇಳಿ ತರಿಸಿಕೊಳ್ಳುತ್ತದೆ. ಸಂಪರ್ಕದ ವೇಗ ಹೆಚ್ಚಿದ್ದರೆ ಉತ್ತಮ ದರ್ಜೆಯದು, ತಗ್ಗಿದರೆ ಮಂದ ದರ್ಜೆಯದು ಬರುತ್ತದೆ. ಚಿತ್ರವು ನಡುವೆ ಮಸುಕಾಗಿ ಮತ್ತೆ ತಿಳಿಯಾಗುವುದಕ್ಕೆ ಇದೇ ಕಾರಣ. ಮುಂದಿನ ಕೆಲವು ತುಣುಕುಗಳನ್ನು ಯಂತ್ರವು ಮೊದಲೇ ತಂದಿಟ್ಟುಕೊಂಡಿರುತ್ತದೆ. ಆ ಸಂಗ್ರಹವು ತೀರಿ ಹೊಸತು ಬಾರದಿದ್ದರೆ ತೆರೆಯ ಮೇಲೆ ಚಕ್ರವು ತಿರುಗತೊಡಗುತ್ತದೆ. ಪ್ರತಿಸಲವೂ ಬಹುದೂರದಿಂದ ತರಿಸುವುದು ತಡವೆಂದು, ಹೆಚ್ಚು ಜನ ನೋಡುವ ಚಿತ್ರಗಳ ಪ್ರತಿಗಳನ್ನು ನೋಡುಗರ ಸಮೀಪದ ನಗರಗಳಲ್ಲಿಯೂ ಇರಿಸುತ್ತಾರೆ.

ಹಾಟ್‌ಸ್ಟಾರ್ 2015ರಲ್ಲಿಯೂ, ನೆಟ್‌ಫ್ಲಿಕ್ಸ್ ಮತ್ತು ಪ್ರೈಮ್ ವಿಡಿಯೊ 2016ರಲ್ಲಿಯೂ ನಮ್ಮ ದೇಶದಲ್ಲಿ ಆರಂಭವಾದುವು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಮೊಬೈಲಿನ ಅಂತರ್ಜಾಲವು ಬಹಳ ಅಗ್ಗವಾಯಿತು. 2020ರಲ್ಲಿ ಸಾಂಕ್ರಾಮಿಕ ರೋಗದಿಂದ ಚಿತ್ರಮಂದಿರಗಳು ಮುಚ್ಚಿದಾಗ, ಆ ವರ್ಷದ ಜುಲೈ ತಿಂಗಳಲ್ಲಿ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ಎಂಬ ಕನ್ನಡ ಚಿತ್ರಗಳು ನೇರವಾಗಿ ಅಂತರ್ಜಾಲದಲ್ಲಿಯೇ ಬಿಡುಗಡೆಯಾದುವು. ಬೆಂಗಳೂರಿನವನಿಗೂ ಸೂರತ್ತಿನವನಿಗೂ ಹೊಸ ಕನ್ನಡ ಚಿತ್ರವು ಒಂದೇ ದಿನ, ಒಂದೇ ದೂರದಲ್ಲಿ ದೊರೆಯಿತು. ಇತ್ತ ಹಣ ಕೊಟ್ಟು ಡಿಟಿಎಚ್ ಪಡೆಯುವವರ ಸಂಖ್ಯೆಯು 2020ರಲ್ಲಿ ಸುಮಾರು 7 ಕೋಟಿಯಷ್ಟಿದ್ದುದು, 2025ರ ವೇಳೆಗೆ 6 ಕೋಟಿಗಿಂತ ಕೆಳಗಿಳಿಯಿತು. ಕೇಬಲ್ ಸಂಸ್ಥೆಗಳೂ ಕಾಲವನ್ನರಿತು ನಡೆದಿವೆ. ಅಹಮದಾಬಾದನ್ನು ಕೇಂದ್ರವಾಗಿಟ್ಟುಕೊಂಡ ಜಿಟಿಪಿಎಲ್ ಹಾಥ್‌ವೇ ಸಂಸ್ಥೆಯು ಕೇಬಲ್ ವಾಹಿನಿಗಳ ಜೊತೆಗೆ ಅಂತರ್ಜಾಲವನ್ನೂ ಮಾರುತ್ತಿದೆ. ತಂತಿಯು ಹೋಗಿಲ್ಲ; ತಂತಿಯಲ್ಲಿ ಹರಿಯುವುದು ಬದಲಾಗಿದೆ.

ಲಾಭವೇನು, ನಷ್ಟವೇನು?

ಲಾಭವು ಸ್ಪಷ್ಟವಾಗಿದೆ. ನೆರೆಹೊರೆಯಲ್ಲಿ ಎಷ್ಟು ಕನ್ನಡದ ಮನೆಗಳಿವೆ ಎಂಬ ಲೆಕ್ಕವು ಈಗ ಬೇಕಿಲ್ಲ. ಇಡಿಯ ವಡೋದರಾದಲ್ಲಿ ನೀವೊಬ್ಬರೇ ಕನ್ನಡಿಗರಾಗಿದ್ದರೂ ಕನ್ನಡ ಚಿತ್ರವು ನಿಮಗೆ ದೊರೆಯುತ್ತದೆ. ಅಂದು ಉಪಗ್ರಹದಲ್ಲಿ ಒಂದು ಚಿತ್ರಕ್ಕೆ ಎರಡು ಧ್ವನಿಗಳಿದ್ದುವಷ್ಟೆ. ಇಂದು ಒಂದೇ ಚಿತ್ರಕ್ಕೆ ಐದಾರು ಭಾಷೆಗಳ ಧ್ವನಿಗಳಿರುವುದುಂಟು. ಆದರೂ ಎಲ್ಲವೂ ಒಂದೇ ಅಂಗಡಿಯಲ್ಲಿ ದೊರೆಯದು. 2022ರಲ್ಲಿ ‘ಕಾಂತಾರ’ ಚಿತ್ರದ ಕನ್ನಡ ರೂಪವು ಪ್ರೈಮ್ ವಿಡಿಯೊದಲ್ಲಿಯೂ, ಹಿಂದಿ ರೂಪವು ನೆಟ್‌ಫ್ಲಿಕ್ಸ್‌ನಲ್ಲಿಯೂ ಬಂದುದನ್ನು ಸ್ಮರಿಸಬಹುದು. ಅಂಗಡಿಗಳು ಹೆಚ್ಚಿದಂತೆ ತೆರಬೇಕಾದ ಹಣವೂ ಹೆಚ್ಚುತ್ತದೆ.

ನಷ್ಟವು ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಮನೆಗೊಂದೇ ಯಂತ್ರವಿದ್ದಾಗ ತಂದೆತಾಯಿಗಳು ಕನ್ನಡ ವಾರ್ತೆಯನ್ನು ಹಾಕಿದರೆ, ಲೆಕ್ಕ ಬಿಡಿಸುತ್ತ ಕುಳಿತ ಮಗುವಿನ ಕಿವಿಗೂ ಅದು ಬೀಳುತ್ತಿತ್ತು. ಅಜ್ಜಿಯ ಧಾರಾವಾಹಿಯಿಂದ ಮೊಮ್ಮಗಳು ನಾಲ್ಕು ಗಾದೆಗಳನ್ನು ಕಲಿಯುತ್ತಿದ್ದಳು. ಯಾರೂ ಕಲಿಸದೆ, ಯಾರೂ ಕೇಳದೆ, ಭಾಷೆಯು ಮನೆಯ ಗಾಳಿಯಲ್ಲಿತ್ತು. ಈಗ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಮೊಬೈಲು, ಒಬ್ಬೊಬ್ಬರ ಕಿವಿಯಲ್ಲಿ ಒಂದೊಂದು ಭಾಷೆ. ಅಲ್ಲದೆ, ನೀವು ಹಿಂದೆ ನೋಡಿದುದನ್ನು ಲೆಕ್ಕವಿಟ್ಟು ಅದೇ ಬಗೆಯದನ್ನು ಮುಂದೆ ತಂದೊಡ್ಡುವುದು ಈ ಯಂತ್ರಗಳ ಕ್ರಮ. ಹತ್ತು ದಿನ ಹಿಂದಿಯನ್ನೋ ಇಂಗ್ಲಿಷನ್ನೋ ಮಾತ್ರ ನೋಡಿದರೆ ಕನ್ನಡವು ಪಟ್ಟಿಯಲ್ಲಿ ಕೆಳಕೆಳಗೆ ಜಾರುತ್ತದೆ. ಹಿಂದೆ ಕೇಬಲ್‌ವಾಲಾ ಕೊಡದಿದ್ದುದರಿಂದ ಕನ್ನಡವು ನಮ್ಮ ಮನೆಗೆ ಬರಲಿಲ್ಲ. ಇಂದು ಬಾರದಿದ್ದರೆ ನಾವು ಕರೆಯದಿದ್ದುದೇ ಕಾರಣವೆಂದು ಹೇಳಬೇಕಾಗುತ್ತದೆ.

ನಮ್ಮ ಕರ್ತವ್ಯ

ಹಾಗಾದರೆ ಹೊಸ ದಾರಿಯನ್ನು ತೊರೆಯಬೇಕೆ? ಬೇಡ. ಗುಜರಾತಿಯನ್ನೂ ಹಿಂದಿಯನ್ನೂ ಬಿಡಬೇಕೆ? ಅದೂ ಬೇಡ, ಅನ್ನವಿತ್ತ ನಾಡಿನ ಮಾತನ್ನು ಕಲಿಯುವುದು ನಮ್ಮ ಧರ್ಮ. ಆದರೆ ಆರಿಸುವ ಅಧಿಕಾರವು ಕೈಗೆ ಬಂದಾಗ ಅದನ್ನು ವಿವೇಕದಿಂದ ಬಳಸಬೇಕು. ವಾರದಲ್ಲಿ ಒಂದು ದಿನ, ಒಂದು ಗಂಟೆ, ಮನೆಯವರೆಲ್ಲ ಒಂದೇ ತೆರೆಯ ಮುಂದೆ ಕುಳಿತು ಕನ್ನಡದ ಒಂದು ಕಾರ್ಯಕ್ರಮವನ್ನು ನೋಡಿರಿ. ತಿಳಿಯದ ಮಾತು ಬಂದರೆ ಹಿರಿಯರನ್ನು ಕೇಳಿರಿ. ಹಣದ ಚಿಂತೆಯಿದ್ದವರು ದೂರದರ್ಶನದ ಚಂದನ ವಾಹಿನಿಯನ್ನು ನೆನೆಯಬಹುದು. ಡಿಡಿ ಫ್ರೀ ಡಿಶ್ ತಟ್ಟೆಯಿದ್ದವರು ಅದಕ್ಕೆ ತಿಂಗಳ ಬಾಡಿಗೆ ಕೊಡಬೇಕಾಗಿಲ್ಲ.

ಕಾಲುವೆಯ ಕಾಲವು ಕಳೆಯುತ್ತಿದೆ. ಬಾವಿಯು ತುಂಬಿದೆ, ಹಗ್ಗವು ನಿಮ್ಮ ಕೈಯಲ್ಲಿದೆ.

ಅಭ್ಯಾಸ

1. ಸಾಧಾರಣ ದರ್ಜೆಯ ಒಂದು ಗಂಟೆಯ ಚಿತ್ರಕ್ಕೆ 1 ಗಿಗಾಬೈಟ್, ಉತ್ತಮ ದರ್ಜೆಯದಕ್ಕೆ 3 ಗಿಗಾಬೈಟ್ ಬೇಕೆಂದು ಇಟ್ಟುಕೊಳ್ಳಿರಿ. ದಿನಕ್ಕೆ 1.5 ಗಿಗಾಬೈಟ್ ಮಿತಿಯಿರುವ ಮೊಬೈಲಿನಲ್ಲಿ ಒಂದೊಂದು ದರ್ಜೆಯ ಚಿತ್ರವನ್ನು ಎಷ್ಟು ಹೊತ್ತು ನೋಡಬಹುದು?

2. ಚಿತ್ರವು ನಡುವೆ ಮಸುಕಾಗುವುದಕ್ಕೂ, ಪೂರ್ತಿಯಾಗಿ ನಿಲ್ಲುವುದಕ್ಕೂ ಇರುವ ಕಾರಣಗಳನ್ನು ಬೇರೆಬೇರೆಯಾಗಿ ಬರೆಯಿರಿ.

3. ಒಂದು ವಾರ ನಿಮ್ಮ ಮನೆಯಲ್ಲಿ ಯಾರು ಯಾವ ಭಾಷೆಯ ಕಾರ್ಯಕ್ರಮವನ್ನು ಎಷ್ಟು ಹೊತ್ತು ನೋಡಿದರೆಂಬುದನ್ನು ಪಟ್ಟಿಮಾಡಿ, ಕನ್ನಡದ ಪಾಲು ಎಷ್ಟೆಂದು ಲೆಕ್ಕ ಹಾಕಿ ತರಗತಿಗೆ ತನ್ನಿರಿ.