ಗಡಿಯಾಚೆ ಕನ್ನಡ ಕಾಯ್ದ ಮೇಷ್ಟ್ರು

ನಮ್ಮ ಕಾನಹೊಸಹಳ್ಳಿ ಇರೋ ಕೂಡ್ಲಿಗಿ ತಾಲ್ಲೂಕು ಒಂದು ಕಾಲಕ್ಕೆ ಮದ್ರಾಸ್ ರಾಜ್ಯದಲ್ಲಿತ್ತು, ಗೊತ್ತಾ? 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕುಗಳು ಮೈಸೂರಿಗೆ ಸೇರಿದವು, ಅದರಲ್ಲಿ ನಮ್ಮದೂ ಒಂದು. ಆ ಸಂಭ್ರಮಕ್ಕೆ ಬಳ್ಳಾರಿಯಲ್ಲಿ ಹಾಕಿದ್ದ ಚಪ್ಪರ ಕಾಯುತ್ತಿದ್ದ ರಂಜಾನ್ ಸಾಬ್ ಆಸಿಡ್ ದಾಳಿಗೆ ಬಲಿಯಾದರು.

ಕಾಸರಗೋಡಿಗೆ ಆ ಭಾಗ್ಯ ಸಿಗಲಿಲ್ಲ. 1956ರಲ್ಲಿ ಅದು ಕೇರಳಕ್ಕೆ ಹೋಯಿತು, ಅಲ್ಲಿನ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರಾದರು. ಚಂದ್ರಗಿರಿ ಹೊಳೆಯ ಉತ್ತರ ಭಾಗ ನಮಗೆ ಸೇರಬೇಕು ಅಂತ 1967ರಲ್ಲಿ ಮಹಾಜನ ಆಯೋಗ ಹೇಳಿದರೂ ಜಾರಿಯಾಗಲಿಲ್ಲ. ಅದಕ್ಕಾಗಿ ಕೊನೆವರೆಗೂ ದನಿಯೆತ್ತಿದವರು ಕಯ್ಯಾರ ಕಿಞ್ಞಣ್ಣ ರೈ (1915–2015). ಸ್ವಾತಂತ್ರ್ಯ ಹೋರಾಟಗಾರರು, ಕವಿ, ಪೆರಡಾಲದ ಶಾಲೆಯಲ್ಲಿ ಮೇಷ್ಟ್ರು. ಕನ್ನಡದ ಜೊತೆ ತುಳುವಿನಲ್ಲೂ ಬರೆದರು. 1997ರಲ್ಲಿ ಮಂಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಕೊಟ್ಟು ನಾಡು ಅವರನ್ನು ಗೌರವಿಸಿತು.

ಆದರೆ ಶಾಲು-ಹಾರದ ಗೌರವ ಒಂದು ದಿನದ್ದು. ಭಾಷೆ ಉಳಿಯೋದು ತರಗತಿಯಲ್ಲಿ. ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ಹಾಕಿದ್ದಕ್ಕೆ ಕಾಸರಗೋಡಿನ ಮಕ್ಕಳು, ಪೋಷಕರು ಇತ್ತೀಚಿನ ವರ್ಷಗಳಲ್ಲೂ ಪ್ರತಿಭಟಿಸಿದ್ದಾರೆ. ನಮಗೆ ಸುಲಭವಾಗಿ ಸಿಕ್ಕ ಕನ್ನಡಕ್ಕೆ ಅವರು ಇನ್ನೂ ಹೋರಾಡುತ್ತಿದ್ದಾರೆ.

ಈ ನವೆಂಬರಿನಲ್ಲಿ ಫೋಟೋಗೆ ಹಾರ ಹಾಕೋದರ ಜೊತೆಗೆ ರೈ ಅವರ ಆತ್ಮಕಥೆ ‘ದುಡಿತವೇ ನನ್ನ ದೇವರು’ ಓದೋಣ. ಅದೂ ಗೌರವವೇ.