ಮಾತೂ ತಡ, ನಡಿಗೆಯೂ ತಡ: ಒಳಕಿವಿಯ ಮೂಳೆಯನ್ನೊಮ್ಮೆ ನೋಡಿಸಿ

ತಟ್ಟೆ ಬಡಿದಾಗ ಮಗು ತಿರುಗಿ ನೋಡಿದರೆ ಸಾಕು, ಮನೆಯವರಿಗೆ ನೆಮ್ಮದಿ. ಕೈಯ ನೆರಳು ಕಂಡೂ ತಿರುಗಬಹುದು, ನೆಲದ ಅದುರು ತಾಗಿಯೂ ತಿರುಗಬಹುದು ಎಂಬುದು ಯಾರಿಗೂ ಹೊಳೆಯುವುದಿಲ್ಲ. ಮಾತು ತಡವಾದರೆ ‘ಅವರಪ್ಪನೂ ಮೂರು ವರ್ಷಕ್ಕೇ ಬಾಯಿ ಬಿಟ್ಟಿದ್ದು’ ಎನ್ನುತ್ತೇವೆ. ನಡಿಗೆ ತಡವಾದರೆ ‘ಮೈ ಭಾರ, ನಿಧಾನಕ್ಕೆ ನಡೆಯುತ್ತೆ ಬಿಡಿ’ ಎನ್ನುತ್ತೇವೆ. ಎರಡನ್ನೂ ಜೋಡಿಸಿ ನೋಡುವವರು ಕಡಿಮೆ.

ಆದರೆ ಎರಡರ ಬೇರೂ ಒಂದೇ ಕಡೆ ಇರಬಹುದು. ಧ್ವನಿ ಹಿಡಿಯುವ, ಶಂಖದಂತೆ ಸುರುಳಿ ಸುತ್ತಿದ ಕಾಕ್ಲಿಯಾ ಮತ್ತು ಸಮತೋಲನ ಕಾಯುವ ಮೂರು ಅರ್ಧವೃತ್ತ ನಾಳಗಳು ತಲೆಬುರುಡೆಯ ಒಂದೇ ಗಟ್ಟಿ ಮೂಳೆಯೊಳಗೆ ಅಡಗಿವೆ. ಕಾಕ್ಲಿಯಾಕ್ಕೆ ಸುಮಾರು ಎರಡೂವರೆ ಸುತ್ತು ಇರಬೇಕು. ಗರ್ಭದಲ್ಲಿ ಬೆಳವಣಿಗೆ ಅರ್ಧಕ್ಕೇ ನಿಂತರೆ ಒಂದೂವರೆ ಸುತ್ತಿಗೇ ಮುಗಿಯುತ್ತದೆ. ಇಟಲಿಯ ಕಾರ್ಲೊ ಮೊಂಡಿನಿ 1791ರಲ್ಲೇ ಇದನ್ನು ವಿವರಿಸಿದ್ದರಿಂದ ಈ ದೋಷಕ್ಕೆ ಅವರದೇ ಹೆಸರು.

ಮೊದಲು ಮನೆಯಲ್ಲಿ ಗಮನಿಸಿ

ನಾಲ್ಕು ತಿಂಗಳಾದರೂ ಕತ್ತು ನಿಲ್ಲದಿರುವುದು, ಒಂಬತ್ತು ತಿಂಗಳಾದರೂ ಕೂರದಿರುವುದು, ಹದಿನೆಂಟು ತಿಂಗಳಾದರೂ ನಡೆಯದಿರುವುದು, ಇವನ್ನು ಬರೆದಿಟ್ಟುಕೊಳ್ಳಿ. ಇವಕ್ಕೆ ಬೇರೆ ಕಾರಣಗಳೂ ಇರುತ್ತವೆ, ನಿಜ. ಆದರೆ ಕಿವಿ ಮಂದವಿರುವ ಮಗುವಿನಲ್ಲಿ ಇವು ಕಂಡರೆ ಒಳಕಿವಿಯ ಮೇಲೆ ಅನುಮಾನ ಪಡಲೇಬೇಕು. ದೊಡ್ಡ ಮಕ್ಕಳಲ್ಲಿ ಸುಳಿವು ಸೂಕ್ಷ್ಮ. ಹಗಲಲ್ಲಿ ಚೆನ್ನಾಗಿ ಓಡಾಡುವ ಮಗು ಕರೆಂಟು ಹೋದಾಗ ತಡವರಿಸುತ್ತದೆ, ಮರಳಿನ ಮೇಲೆ, ಉಬ್ಬುತಗ್ಗು ನೆಲದಲ್ಲಿ ಬೀಳುತ್ತದೆ. ಕಣ್ಣು ಮತ್ತು ಪಾದ ಸೇರಿ ಅದುವರೆಗೆ ಕಿವಿಯ ಕೊರತೆ ಮುಚ್ಚಿರುತ್ತವೆ. ಇಂಥ ಮಗುವನ್ನು ಕೆರೆ, ಬಾವಿಗೆ ಈಜಲು ಕಳಿಸಬೇಡಿ. ನೀರಿನೊಳಗೆ ಮೇಲು ಯಾವುದು, ಕೆಳಗು ಯಾವುದು ಎಂದೇ ಅದಕ್ಕೆ ತಿಳಿಯದೆ ಹೋಗಬಹುದು.

ಇನ್ನೊಂದು ಮಾತನ್ನು ವೈದ್ಯರಿಗೆ ತಪ್ಪದೆ ಹೇಳಿ: ಮಂಚದಿಂದ ಬಿದ್ದು ತಲೆಗೆ ಸಣ್ಣ ಪೆಟ್ಟಾದ ಮೇಲೆ ಮಗುವಿಗೆ ಕೇಳುವುದು ಇದ್ದಕ್ಕಿದ್ದಂತೆ ಕಡಿಮೆಯಾಯಿತೇ?

ಆಮೇಲೆ ಶ್ರವಣ ಪರೀಕ್ಷೆ

ಹುಟ್ಟಿದ ಒಂದು ತಿಂಗಳೊಳಗೆ ಪ್ರಾಥಮಿಕ ತಪಾಸಣೆ, ಮೂರು ತಿಂಗಳೊಳಗೆ ದೋಷ ಖಚಿತ, ಆರು ತಿಂಗಳೊಳಗೆ ಚಿಕಿತ್ಸೆ ಆರಂಭ. ಪಾಲಿಸಬೇಕಾದ ಲೆಕ್ಕ ಇದು. ಓಎಇ ಎಂಬ ಪರೀಕ್ಷೆ ಕೆಲವೇ ನಿಮಿಷದ್ದು. ಆದರೆ ಅದರಲ್ಲಿ ‘ಪಾಸ್’ ಆದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದಲ್ಲ. ಕಾಕ್ಲಿಯಾ ಕೆಲಸ ಮಾಡುತ್ತಿದ್ದು, ಅಲ್ಲಿಂದ ಮಿದುಳಿಗೆ ಹೋಗುವ ನರವೇ ತೆಳುವಾಗಿದ್ದರೂ ಓಎಇ ಪಾಸ್ ಆಗಬಹುದು. ಅದನ್ನು ಹಿಡಿಯುವುದು ಬೆರಾ ಪರೀಕ್ಷೆ. ನಿದ್ದೆಯಲ್ಲಿರುವ ಮಗುವಿನ ತಲೆಗೆ ಎಲೆಕ್ಟ್ರೋಡ್ ಅಂಟಿಸಿ ನರದ ಸ್ಪಂದನ ಅಳೆಯುತ್ತಾರೆ, ನೋವಿಲ್ಲ. ಹಾಲು ಕುಡಿಸಿ ಮಲಗಿಸುವ ಹೊತ್ತಿಗೆ ಸರಿಯಾಗಿ ಸಮಯ ಕೇಳಿಕೊಂಡರೆ ಪುಟ್ಟ ಕೂಸಿಗೆ ನಿದ್ದೆಯ ಔಷಧವೂ ಬೇಕಾಗದಿರಬಹುದು.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಪರೀಕ್ಷೆಗಳು ಲಭ್ಯ. ಅಂಗನವಾಡಿ, ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತೋರಿಸಿದರೆ ಅವರೂ ಮುಂದಿನ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ.

ಸ್ಕ್ಯಾನ್ ಯಾವಾಗ, ಯಾವುದು?

ನರಸಂಬಂಧಿ ಕಿವುಡು ಖಚಿತವಾದ ಮೇಲೆ ಸ್ಕ್ಯಾನ್. ಸಿ.ಟಿ. ಮೂಳೆಯ ಆಕಾರ ತೋರಿಸುತ್ತದೆ: ಕಾಕ್ಲಿಯಾದ ಸುತ್ತುಗಳು, ಅರ್ಧವೃತ್ತ ನಾಳಗಳು, ವೆಸ್ಟಿಬ್ಯುಲರ್ ಅಕ್ವಿಡಕ್ಟ್ ಎಂಬ ಕಿರುನಾಳದ ಅಗಲ. ಈ ಕಿರುನಾಳ ನಡುಭಾಗದಲ್ಲಿ 1.5 ಮಿಲಿಮೀಟರಿಗಿಂತ ಅಗಲವಿದ್ದರೆ ದೋಷವೆಂದು ಬಹುಕಾಲದಿಂದ ಎಣಿಸುತ್ತ ಬಂದಿದ್ದಾರೆ. ಈಚಿನ ಒಂದು ಮಾನದಂಡ ಅದನ್ನು 1 ಮಿಲಿಮೀಟರಿಗೆ ಇಳಿಸಿದೆ. ತಲೆಗೆ ಪೆಟ್ಟಾದಾಗ ಶ್ರವಣ ಕುಸಿಯುವುದು ಹೆಚ್ಚಾಗಿ ಇಂಥ ಮಕ್ಕಳಲ್ಲೇ. ಹುಟ್ಟಿದಾಗ ಚೆನ್ನಾಗಿ ಕೇಳುತ್ತಿದ್ದ ಮಗುವಿಗೂ ಇದು ಇರಬಹುದು. ಅದಕ್ಕೇ ಇವರಿಗೆ ಕಬಡ್ಡಿ, ಕುಸ್ತಿ ಬೇಡ ಎನ್ನುತ್ತಾರೆ.

ಎಂಆರ್‌ಐಯಲ್ಲಿ ವಿಕಿರಣವಿಲ್ಲ, ನರ ಇದೆಯೋ ಇಲ್ಲವೋ ಎಂಬುದನ್ನು ಅದೇ ತೋರಿಸಬೇಕು. ಕಾಕ್ಲಿಯರ್ ಇಂಪ್ಲಾಂಟ್ ಯೋಚಿಸುವ ಮುನ್ನ ಇದು ಮುಖ್ಯ. ಆದರೆ ಮಗು ಅಲುಗಾಡದೆ ಹೆಚ್ಚು ಹೊತ್ತು ಮಲಗಬೇಕು, ಹಾಗಾಗಿ ಅರಿವಳಿಕೆ ಬೇಕಾಗುವುದುಂಟು. ಎರಡೂ ಬೇಕೇ, ಒಂದು ಸಾಕೇ ಎಂದು ಮೊದಲೇ ಕೇಳಿ. ಸ್ಕ್ಯಾನ್ ನಾರ್ಮಲ್ ಬಂತೆಂದು ಕಿವಿ ಸರಿಯಿದೆ ಎಂದು ತಿಳಿಯಬೇಡಿ. ಹುಟ್ಟು ಕಿವುಡಿನಲ್ಲಿ ಮೂಳೆಯ ದೋಷ ಕಾಣುವುದು ಸುಮಾರು ಐದರಲ್ಲಿ ಒಂದು ಮಗುವಿಗೆ ಮಾತ್ರ. ಉಳಿದವರ ತೊಂದರೆ ಸ್ಕ್ಯಾನ್‌ನ ಕಣ್ಣಿಗೆ ಬೀಳದ ಪೊರೆ, ಜೀವಕೋಶಗಳಲ್ಲಿರುತ್ತದೆ.

ಕಾಯಬಾರದ ಎರಡು ಸಂದರ್ಭ

ಮಿದುಳು ಪೊರೆಯ ಉರಿಯೂತ, ಅಂದರೆ ಮೆನಿಂಜೈಟಿಸ್ ಬಂದು ಹೋದ ಮಗುವಿನ ಕಾಕ್ಲಿಯಾದೊಳಗೆ ಕೆಲವೇ ವಾರಗಳಲ್ಲಿ ಮೂಳೆ ತುಂಬಿಕೊಳ್ಳಬಹುದು. ಆಮೇಲೆ ಇಂಪ್ಲಾಂಟ್ ಕೂರಿಸುವುದೇ ಕಷ್ಟ. ಜ್ವರ ಇಳಿದ ಕೂಡಲೇ ಶ್ರವಣ ಪರೀಕ್ಷೆ ಕೇಳಿ. ಇನ್ನೊಂದು, ಮೆನಿಂಜೈಟಿಸ್ ಮತ್ತೆ ಮತ್ತೆ ಬರುವುದು ಅಥವಾ ಒಂದೇ ಮೂಗಿನ ಹೊಳ್ಳೆಯಿಂದ ತಿಳಿನೀರು ಸೋರುವುದು. ಒಳಕಿವಿಯ ಮೂಳೆಯಲ್ಲಿ ಬಿರುಕಿದ್ದು, ಮಿದುಳಿನ ಸುತ್ತಲಿನ ದ್ರವವೇ ಸೋರುತ್ತಿರಬಹುದು.

ದೋಷ ಸಿಕ್ಕ ಮೇಲೆ ವೈದ್ಯರು ಥೈರಾಯ್ಡ್ ಮತ್ತು ವಂಶವಾಹಿ ಪರೀಕ್ಷೆ ಸೂಚಿಸಬಹುದು. ಅಗಲ ಕಿರುನಾಳದ ಜೊತೆ ಥೈರಾಯ್ಡ್ ಊತವೂ ಇರುವ ಪೆಂಡ್ರೆಡ್ ಸಿಂಡ್ರೋಮ್ ಎಂಬುದೊಂದಿದೆ. ಅಪ್ಪ ಅಮ್ಮ ಇಬ್ಬರಿಗೂ ಚೆನ್ನಾಗಿ ಕೇಳುತ್ತಿದ್ದರೂ ಮಕ್ಕಳಲ್ಲಿ ಇದು ಬರುತ್ತದೆ. ಮನೆಯಲ್ಲಿ ತಮ್ಮನೋ ತಂಗಿಯೋ ಇದ್ದರೆ, ಈಗ ಚೆನ್ನಾಗಿ ಕೇಳುತ್ತಿದ್ದರೂ ಸರಿ, ಅವರ ಕಿವಿಯನ್ನೂ ಪರೀಕ್ಷೆ ಮಾಡಿಸಿ.